ಬಲೂನಿನಲ್ಲಿ ಕನ್ನಡ ಹಿಡಿಸುತ್ತಿಲ್ಲ: ಕಾಮಿಕ್ಸ್ ಅಕ್ಷರಗಳ ಬಗ್ಗೆ ಸ್ವಲ್ಪ ಮಾತಾಡೋಣ

ಚುಕ್ಕಿಗೆರೆ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವಳು, ಬೆಂಗಳೂರಿನಲ್ಲಿ ಡಿಸೈನ್ ಕೆಲಸ. ಆರು ತಿಂಗಳಿಂದ ರಾತ್ರಿ ಹೊತ್ತು ಕೂತು 16 ಪುಟದ ಒಂದು ಕಾಮಿಕ್ಸ್ ಮಾಡುತ್ತಿದ್ದೇನೆ. ಕತೆ ನಮ್ಮ ಅಜ್ಜಿಯದು. ಅವರು ಹತ್ತು ವರ್ಷದವರಿದ್ದಾಗ ಅಣ್ಣನ ಜೊತೆ ಸಂತೆಗೆ ಹೋಗಿದ್ದರಂತೆ. ಜನರ ನಡುವೆ ಅಣ್ಣ ತಪ್ಪಿಹೋದ. ಸಂತೆ ಮುಗಿಯಿತು, ಮಳೆ ಶುರುವಾಯಿತು, ಹುಡುಗಿ ಒಬ್ಬಳೇ ನಿಂತಿದ್ದಾಳೆ. ಇಷ್ಟೇ ಕತೆ.

ಚಿತ್ರ ಎಲ್ಲ ಮುಗಿದಿದೆ. ಮಾತು ತುಂಬೋಕೆ ಕೂತಾಗ ಕಷ್ಟ ಶುರುವಾಯಿತು. ಪಾತ್ರಗಳ ಮಾತು ಬರೆಯುವ ಬಲೂನುಗಳಲ್ಲಿ ಕನ್ನಡ ಹಿಡಿಸುತ್ತಲೇ ಇಲ್ಲ. ಅಕ್ಷರ ಚಿಕ್ಕದು ಮಾಡಿದರೆ ಒತ್ತಕ್ಷರ ಕಾಣುವುದಿಲ್ಲ. ಸಾಲುಗಳನ್ನು ಹತ್ತಿರ ತಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಹುಡುಗಿಯ ಹೆಸರು ಲಕ್ಷ್ಮೀ. ಆ ‘ಕ್ಷ್ಮೀ’ ಒಂದಕ್ಕೇ ಎರಡು ಸಾಲಿನ ಜಾಗ ಬೇಕು!

ಹಳೆಯವರು ಹೇಗೆ ಮಾಡುತ್ತಿದ್ದರು ನೋಡೋಣ ಅಂತ ಅವೆನ್ಯೂ ರೋಡಿನಿಂದ ಒಂದಿಷ್ಟು ಹಳೇ ಕನ್ನಡ ಕಾಮಿಕ್ಸ್ ತಂದೆ. ಕೆಲವದರಲ್ಲಿ ಅಕ್ಷರ ಬಲೂನಿನ ಗೆರೆಗೆ ಅಂಟಿಕೊಂಡು ನಿಂತಿದೆ. ಕೆಲವದರಲ್ಲಿ ದೊಡ್ಡ ಬಲೂನಿನ ಮಧ್ಯೆ ಒಂದೇ ಪದ. ಸದ್ದಿನ ಪದಗಳಂತೂ ಎಷ್ಟೋ ಕಡೆ ಇಂಗ್ಲಿಷ್ ಅಕ್ಷರದಲ್ಲೇ ಉಳಿದಿವೆ. ಪಾತ್ರ ಕನ್ನಡ ಮಾತಾಡುತ್ತದೆ, ಅದರ ಕೈಯಿಂದ ಬಿದ್ದ ಕೊಡ ಇಂಗ್ಲಿಷಿನಲ್ಲಿ ಸದ್ದು ಮಾಡುತ್ತದೆ.

ಕಾಮಿಕ್ಸ್ ಕನ್ನಡಕ್ಕೆ ಹೊಂದುವುದಿಲ್ವಾ? ಅಥವಾ ನಾನು ಶುರು ಮಾಡಿದ ರೀತಿಯೇ ತಪ್ಪಾ?

ಹಳೇಪುಸ್ತಕ · ಭಾನುವಾರ ರಾತ್ರಿ

ಹೊಂದುವುದಿಲ್ಲ ಅಂತ ಮಾತ್ರ ಅನ್ನಬೇಡಿ. ಅಮರ ಚಿತ್ರಕಥೆ ಶುರುವಾಗಿದ್ದೇ ಕನ್ನಡದಲ್ಲಿ. 1965ರಲ್ಲಿ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರು ಸಿಂಡರೆಲಾ, ಪಿನೋಕಿಯೊ ತರದ ಹತ್ತು ಹೊರನಾಡಿನ ಕತೆಗಳನ್ನು ಕನ್ನಡದಲ್ಲಿ ಚಿತ್ರಕಥೆಯಾಗಿ ತಂದರು. ಚೆನ್ನಾಗಿ ಮಾರಾಟವಾದವು. ಆಮೇಲೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು ನಮ್ಮ ಪುರಾಣಗಳ ಕಡೆ ತಿರುಗಿಸಿದರು. ಇಂಗ್ಲಿಷಿನ ‘ಕೃಷ್ಣ’ ಪುಸ್ತಕದ ನಂಬರು 11 ಯಾಕೆ ಅಂತ ತುಂಬ ಜನ ಕೇಳುತ್ತಾರೆ. ಹಿಂದಿನ ಆ ಹತ್ತು ಪುಸ್ತಕಗಳೇ ಕಾರಣ.

‘ಕೃಷ್ಣ’ದ ಚಿತ್ರ ಬರೆದವರು ರಾಮ್ ವಾಯಿರ್ಕರ್. ಖರ್ಚು ಉಳಿಸೋಕೆ ಅಂತ ಶುರುವಿನಲ್ಲಿ ಹಳದಿ, ನೀಲಿ, ಹಸಿರು ಇಷ್ಟರಲ್ಲೇ ಮುದ್ರಿಸುತ್ತಿದ್ದರು. ಆ ಮೂರೇ ಬಣ್ಣದಲ್ಲಿ ಕೃಷ್ಣನ ಮೈ, ಕಾಡು, ಯಮುನೆ ಎಲ್ಲ ಬರಬೇಕಿತ್ತು.

ನಿಮ್ಮ ಪ್ರಶ್ನೆಗೆ ನನಗೆ ತೋಚುವ ಉತ್ತರ ಇದು. 1967ರ ನಂತರ ಆ ಪುಸ್ತಕಗಳ ಸ್ಕ್ರಿಪ್ಟ್ ಮೊದಲು ಇಂಗ್ಲಿಷಿನಲ್ಲಿ ಆಗುತ್ತಿತ್ತು. ಚಿತ್ರ ಎಲ್ಲ ಭಾಷೆಗೂ ಒಂದೇ. ಅಂದರೆ ಬಲೂನಿನ ಅಳತೆ ಇಂಗ್ಲಿಷಿನದು, ಅದರೊಳಗೆ ಕನ್ನಡ ಬಂದು ಕೂರಬೇಕಾಯಿತು. ಚಂದಮಾಮದಲ್ಲಿ ಈ ಕಷ್ಟ ಇರಲಿಲ್ಲ, ನೋಡಿ. 1949ರಿಂದ ಕನ್ನಡದಲ್ಲಿ ಬಂತು, ಅಲ್ಲೂ ಚಿತ್ರ ಎಲ್ಲ ಭಾಷೆಗೂ ಒಂದೇ. ಆದರೆ ಬರಹ ಚಿತ್ರದ ಪಕ್ಕದಲ್ಲಿತ್ತು, ಒಳಗೆ ಇರಲಿಲ್ಲ. ಶಂಕರ್ ಬರೆದ ವಿಕ್ರಮ ಹೆಗಲ ಮೇಲೆ ಹೆಣ ಹೊತ್ತು ಯಾವ ಭಾಷೆಗೆ ಬೇಕಾದರೂ ನಡೆದುಹೋಗುತ್ತಿದ್ದ.

ಕರಾವಳಿಹುಡುಗಿ · ಸೋಮವಾರ ಬೆಳಿಗ್ಗೆ

ಅನಂತ ಪೈ ನಮ್ಮ ಕಾರ್ಕಳದವರು ಅಂತ ಓದುವಾಗಲೆಲ್ಲ ಖುಷಿಯಾಗುತ್ತದೆ. ನನ್ನ ಬಾಲ್ಯದ ಪುಸ್ತಕ ಮಾತ್ರ ಬಾಲಮಂಗಳ. ಅದರಲ್ಲಿ ಬರುತ್ತಿದ್ದ ಡಿಂಗ ಅಂದರೆ ಜೀವ! ಮಲಯಾಳದಿಂದ ಬಂದ ಇಲಿ ಅಂತ ಆಗ ಗೊತ್ತೇ ಇರಲಿಲ್ಲ. ನಮ್ಮ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ನಾನು ಸರಾಗವಾಗಿ ಕನ್ನಡ ಓದಲು ಕಲಿತದ್ದು ಆ ಬಲೂನುಗಳಿಂದ. ಹಾಗಾಗಿ ಚುಕ್ಕಿಗೆರೆಯವರೇ, ದಯವಿಟ್ಟು ಅಕ್ಷರ ಚಿಕ್ಕದು ಮಾಡಬೇಡಿ. ಒತ್ತು ಸರಿಯಾಗಿ ಕಾಣದಿದ್ದರೆ ಏಳು ವರ್ಷದ ಮಗು ಆ ಪದವನ್ನೇ ಬಿಟ್ಟು ಮುಂದೆ ಹೋಗುತ್ತದೆ. ನಾನೂ ಹಾಗೇ ಮಾಡುತ್ತಿದ್ದೆ.

ಕುಂಚ · ಸೋಮವಾರ ಮಧ್ಯಾಹ್ನ

ನಾನು ಬೋರ್ಡ್ ಬರೆಯುವವನು. ಕೆಲಸ ಕಲಿತು ಮೂವತ್ತು ವರ್ಷ ದಾಟಿತು. ಕಾಮಿಕ್ಸ್ ಜಾಸ್ತಿ ಓದಿದವನಲ್ಲ, ಆದರೆ ಅಕ್ಷರ ಕೂರಿಸುವ ಕಷ್ಟ ಗೊತ್ತು. ಅಂಗಡಿಯವರು ಎರಡಡಿ ಎತ್ತರದ ತಗಡು ಕೊಟ್ಟು ‘ಶ್ರೀ ಲಕ್ಷ್ಮೀ ವೆಂಕಟೇಶ್ವರ ಸ್ಟೋರ್ಸ್’ ಬರೆಯಿರಿ ಅನ್ನುತ್ತಾರೆ. ತಗಡನ್ನು ದೊಡ್ಡದು ಮಾಡೋಕೆ ಆಗುತ್ತಾ?

ನಾವು ಮಾಡುವುದು ಹೀಗೆ. ಒತ್ತನ್ನು ನೇರ ಕೆಳಗೆ ಇಳಿಸುವುದಿಲ್ಲ. ಬಲಕ್ಕೆ ಸ್ವಲ್ಪ ಸರಿಸಿ, ಮೇಲಕ್ಕೆತ್ತಿ, ಅಕ್ಷರದ ಹೊಟ್ಟೆ ಒಳಕ್ಕೆ ಬಾಗುವ ಜಾಗದಲ್ಲಿ ಕೂರಿಸುತ್ತೇವೆ. ‘ಅಕ್ಕ’ ಬರೆದು ನೋಡಿ. ಕೆಳಗಿನ ಒತ್ತು ಮೇಲಿನ ‘ಕ’ದ ಬಲ ಪಕ್ಕಕ್ಕೆ ಒರಗಿ ನಿಂತರೆ ಎಷ್ಟು ಜಾಗ ಉಳಿಯುತ್ತದೆ! ಮುಂದಿನ ಸಾಲಿನಲ್ಲಿ ಆ ಒತ್ತಿನ ಕೆಳಗೆ ಗುಡಿಸು ಇರುವ ಅಕ್ಷರ ಬಾರದ ಹಾಗೆ ಪದ ಜೋಡಿಸುತ್ತೇವೆ. ಗುಡಿಸು, ಏತ್ವ ಮೇಲಕ್ಕೆ ಏಳುತ್ತವೆ. ಒತ್ತು ಕೆಳಕ್ಕೆ ಇಳಿಯುತ್ತದೆ. ಎರಡೂ ಒಂದೇ ಕಡೆ ಎದುರಾಗಬಾರದು, ಅಷ್ಟೇ. ಮೊದಲು ಸೀಮೆಸುಣ್ಣದಲ್ಲಿ ಬರೆದು ನೋಡಿ, ಎದುರಾದರೆ ಒಂದು ಪದವನ್ನು ಕೆಳಗಿನ ಸಾಲಿಗೆ ತಳ್ಳುತ್ತೇವೆ.

ಇಂಗ್ಲಿಷ್ ಬೋರ್ಡ್ ಬರೆಯುವಾಗ ಇದ್ಯಾವುದೂ ಇಲ್ಲ. ಎಲ್ಲ ದೊಡ್ಡಕ್ಷರ, ಮೇಲೊಂದು ಗೆರೆ, ಕೆಳಗೊಂದು ಗೆರೆ, ನಡುವೆ ಅಕ್ಷರ. ಇಟ್ಟಿಗೆ ಜೋಡಿಸಿದ ಹಾಗೆ.

ಚುಕ್ಕಿಗೆರೆ · ಸೋಮವಾರ ರಾತ್ರಿ

ಕುಂಚ ಅಣ್ಣ, ಡಿಸೈನ್ ಓದುವಾಗ ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಈಗಷ್ಟೇ ಮೂರನೇ ಪುಟದ ಒಂದು ಬಲೂನನ್ನು ಕೈಯಲ್ಲಿ ಬರೆದೆ. ‘ಲಕ್ಷ್ಮೀ’ ಹಿಡಿಸಿತು!

ಇಂಗ್ಲಿಷ್ ಕಾಮಿಕ್ಸ್ ಪೂರ್ತಿ ದೊಡ್ಡಕ್ಷರದಲ್ಲಿ ಯಾಕೆ ಇರುತ್ತದೆ ಅನ್ನುವುದೂ ಈಗ ಹೊಳೆಯಿತು. ಕೆಳಗೆ ಇಳಿಯುವ ಬಾಲಗಳೇ ಇಲ್ಲದಿದ್ದರೆ ಸಾಲುಗಳನ್ನು ಒತ್ತೊತ್ತಾಗಿ ಇಡಬಹುದು. ಆ ದುಂಡು ಬಲೂನಿನ ಆಕಾರವೇ ಅಲ್ಲಿಂದ ಬಂದಿರಬೇಕು. ಚಿಕ್ಕ ಚಿಕ್ಕ ಪದ, ಮೇಲೆ ಎರಡು, ನಡುವೆ ನಾಲ್ಕು, ಕೆಳಗೆ ಎರಡು. ನಮ್ಮಲ್ಲಿ ‘ಹೋಗಬೇಕಾಗಿತ್ತು’ ಒಂದೇ ಪದ. ದುಂಡು ಬಲೂನಿನಲ್ಲಿ ಅದು ನಡುಸಾಲಿಗೆ ಬಿಟ್ಟು ಬೇರೆಲ್ಲೂ ಕೂರುವುದಿಲ್ಲ. ಕನ್ನಡದ ಬಲೂನು ಅವರೆಕಾಳಿನ ಆಕಾರದಲ್ಲಿ ಇರಬೇಕು ಅನ್ನಿಸುತ್ತಿದೆ. ಅಡ್ಡಕ್ಕೆ ಉದ್ದ, ಸಾಲು ಕಡಿಮೆ.

ಕನ್ನಡಮೇಷ್ಟ್ರು · ಸೋಮವಾರ ರಾತ್ರಿ

ಬಲೂನಿನ ಆಕಾರ ಬದಲಾಯಿಸಿ, ಒಳ್ಳೆಯದೇ. ಆದರೆ ಅದಕ್ಕೂ ಮೊದಲು ಒಂದು ಮಾತು ಕೇಳುತ್ತೇನೆ. ನೀವು ಸ್ಕ್ರಿಪ್ಟ್ ಯಾವ ಭಾಷೆಯಲ್ಲಿ ಬರೆದಿರಿ?

ಚುಕ್ಕಿಗೆರೆ · ಸೋಮವಾರ ರಾತ್ರಿ

ಇಂಗ್ಲಿಷಿನಲ್ಲಿ ಸರ್. ಓದಿದ್ದು, ಕೆಲಸ ಎಲ್ಲ ಇಂಗ್ಲಿಷ್. ಹಾಗೇ ಅಭ್ಯಾಸವಾಗಿಬಿಟ್ಟಿದೆ. ಆಮೇಲೆ ನಾನೇ ಕನ್ನಡ ಮಾಡಿದೆ. ಎರಡು ಸಾಲು ಇಲ್ಲಿ ಹಾಕುತ್ತೇನೆ:

‘ನನ್ನ ಅಣ್ಣ ಎಲ್ಲಿಯೂ ಕಾಣಿಸುತ್ತಿಲ್ಲವಲ್ಲ!’
‘ಕತ್ತಲಾಗುವ ಮೊದಲು ನಾವು ಇಲ್ಲಿಂದ ಹೊರಟುಬಿಡಬೇಕು.’

ಕನ್ನಡಮೇಷ್ಟ್ರು · ಮಂಗಳವಾರ ಬೆಳಿಗ್ಗೆ

ಇಲ್ಲೇ ಇದೆ ನೋಡಿ. ಕಳೆದುಹೋದ ಹತ್ತು ವರ್ಷದ ಹುಡುಗಿ ‘ಎಲ್ಲಿಯೂ ಕಾಣಿಸುತ್ತಿಲ್ಲವಲ್ಲ’ ಅನ್ನುತ್ತಾಳಾ? ‘ಅಣ್ಣಾ...’ ಅಂತ ಕೂಗುತ್ತಾಳೆ. ಅಥವಾ ‘ಅಣ್ಣ ಇಲ್ಲ’ ಅನ್ನುತ್ತಾಳೆ. ಎರಡೇ ಪದ. ಎರಡನೆಯ ಸಾಲು ‘ಕತ್ತಲಾಯ್ತು, ನಡಿ’ ಅಂದರೆ ಮುಗಿಯಿತು.

ಕನ್ನಡ ಉದ್ದದ ಭಾಷೆ ಅಂತ ಸುಮ್ನೆ ಒಂದು ನಂಬಿಕೆ ಬೆಳೆದುಬಿಟ್ಟಿದೆ. ಉದ್ದ ಇರುವುದು ಅನುವಾದದ ಕನ್ನಡ. ನಮ್ಮ ಕ್ರಿಯಾಪದದ ತುದಿಯಲ್ಲೇ ಯಾರು ಅನ್ನುವುದು ಇರುತ್ತದೆ. ‘ಬಂದೆ’ ಅಂದರೆ ನಾನು, ‘ಬಂದಳು’ ಅಂದರೆ ಅವಳು. ‘ನಾನು’, ‘ನಾವು’, ‘ನನ್ನ’ ಎಲ್ಲ ಅರ್ಧಕ್ಕರ್ಧ ತೆಗೆಯಬಹುದು. ಚಿತ್ರ ಬೇರೆ ಪಕ್ಕದಲ್ಲೇ ಇದೆ. ಯಾರು ಮಾತಾಡುತ್ತಿದ್ದಾರೆ, ಎಲ್ಲಿದ್ದಾರೆ ಎಲ್ಲ ಕಾಣುತ್ತದೆ. ಕಾಣುವುದನ್ನು ಮತ್ತೆ ಬರೆಯುವುದು ಯಾಕೆ?

ಹಳೇಪುಸ್ತಕ · ಮಂಗಳವಾರ ಮಧ್ಯಾಹ್ನ

ಮೇಷ್ಟ್ರೇ, ನಿಮ್ಮ ಮಾತು ಈ ಕತೆಗೆ ಸರಿ. ಆದರೆ ಎಲ್ಲ ಕಾಮಿಕ್ಸಿಗೂ ಅದೇ ಅಂದರೆ ನಾನು ಒಪ್ಪುವುದಿಲ್ಲ. ಚಿಕ್ಕಂದಿನಲ್ಲಿ ಓದಿದ ಕನ್ನಡ ಚಿತ್ರಕಥೆಗಳಲ್ಲಿ ರಾಜ ‘ಯಾರಲ್ಲಿ!’ ಅನ್ನುತ್ತಿದ್ದ, ಮಂತ್ರಿ ‘ಅಪ್ಪಣೆ, ಪ್ರಭು’ ಅನ್ನುತ್ತಿದ್ದ. ಅದು ಆಡುಮಾತಲ್ಲ, ನಾಟಕದ ಮಾತು. ಯಕ್ಷಗಾನದ ರಂಗಸ್ಥಳದಲ್ಲಿ, ಕಂಪನಿ ನಾಟಕದಲ್ಲಿ ಕೇಳಿದ ಅದೇ ದನಿ. ಅದರ ಗತ್ತೇ ಬೇರೆ. ಕಿರೀಟ, ಕವಚ, ಆನೆ ಎಲ್ಲ ಇರುವ ಚಿತ್ರದಲ್ಲಿ ರಾಜ ‘ಯಾರ್ರೀ ಅಲ್ಲಿ’ ಅಂದರೆ ನನಗೆ ಸೇರುವುದಿಲ್ಲ.

ಚಿತ್ರದ ಕಡೆಯಿಂದಲೂ ಹಾಗೇ. ಆ ದೇವರು, ಆ ಒಡವೆ, ಆ ನಿಲುವು ಎಲ್ಲ ರವಿವರ್ಮನ ಅಚ್ಚಿನ ಚಿತ್ರಗಳಿಂದ, ಕ್ಯಾಲೆಂಡರುಗಳಿಂದ ಇಳಿದು ಬಂದದ್ದು. ಕಲಬುರಗಿಯ ಎಸ್.ಎಂ. ಪಂಡಿತರನ್ನು ನೋಡಿ. ಮುಂಬೈಯಲ್ಲಿ ಕೂತು ಸಿನಿಮಾ ಪೋಸ್ಟರನ್ನೂ ಬರೆದರು, ಪುರಾಣದ ಕ್ಯಾಲೆಂಡರನ್ನೂ ಬರೆದರು. ಒಂದೇ ಕುಂಚ. ದೇವರಿಗೆ ಸಿನಿಮಾ ನಾಯಕನ ಬೆಳಕು ಬಿತ್ತು, ಸಿನಿಮಾ ನಾಯಕನಿಗೆ ದೇವರ ಗತ್ತು ಬಂತು. ನಮ್ಮ ಚಿತ್ರಕಥೆ ಬೆಳೆದದ್ದು ಆ ಲೋಕದ ನೆರಳಿನಲ್ಲಿ. ಅಲ್ಲಿ ಗ್ರಾಂಥಿಕ ಕನ್ನಡ ಚಿತ್ರದ ಜೊತೆಗೆ ಹುಟ್ಟಿದ ಹಾಗೆ ಕೂತಿತ್ತು.

ಕನ್ನಡಮೇಷ್ಟ್ರು · ಮಂಗಳವಾರ ಸಂಜೆ

ರಾಜನ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ‘ಯಾರಲ್ಲಿ’ ಕೂಡ ಒಂದೇ ಪದ ಅನ್ನುವುದನ್ನು ಮಾತ್ರ ನೆನಪಿಸುತ್ತೇನೆ. ನಾಟಕದ ಕನ್ನಡವೂ ಬಾಯಲ್ಲಿ ಆಡಿದ ಕನ್ನಡವೇ, ಅನುವಾದದ್ದಲ್ಲ.

ಟೋಕಿಯೊದಿಂದ · ಮಂಗಳವಾರ ರಾತ್ರಿ

ಸದ್ದಿನ ಪದಗಳ ಬಗ್ಗೆ ಯಾರೂ ಮಾತಾಡಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಹುಬ್ಬಳ್ಳಿಯವನು, ಕೆಲಸಕ್ಕೆಂದು ಬಂದು ಎಂಟು ವರ್ಷದಿಂದ ಜಪಾನಿನಲ್ಲಿದ್ದೇನೆ. ಇಲ್ಲಿನ ಕಾಮಿಕ್ಸ್, ಅಂದರೆ ಮಾಂಗಾ ಪುಸ್ತಕಗಳಲ್ಲಿ ಸದ್ದನ್ನು ಬರೆಯುವುದಿಲ್ಲ, ಚಿತ್ರ ಬಿಡಿಸುತ್ತಾರೆ. ಬಾಗಿಲು ಬಡಿದರೆ ಅಕ್ಷರ ದಪ್ಪ, ಒರಟು. ಮಳೆಯಾದರೆ ಅಕ್ಷರ ಸಣ್ಣಗೆ ಮೇಲಿನಿಂದ ಕೆಳಗೆ ಸುರಿಯುತ್ತದೆ. ಸದ್ದೇ ಇಲ್ಲದಿರುವುದಕ್ಕೂ ಒಂದು ಪದ ಇದೆ: ‘ಶೀ...ನ್’. ಖಾಲಿ ಕೋಣೆಯ ಚಿತ್ರ, ನಡುವೆ ಆ ಅಕ್ಷರಗಳು. ಓದುವವನಿಗೆ ಕಿವಿ ಗುಂಯ್ ಅನ್ನುತ್ತದೆ.

ಮೊದಲು ನೋಡಿದಾಗ ಇಂಥದ್ದು ನಮ್ಮಲ್ಲಿ ಇಲ್ಲವಲ್ಲ ಅನ್ನಿಸಿತ್ತು. ಆಮೇಲೆ ಒಂದು ದಿನ ರೈಲಿನಲ್ಲಿ ಕೂತು ಮೊಬೈಲಿನಲ್ಲಿ ಪಟ್ಟಿ ಮಾಡೋಕೆ ಶುರು ಮಾಡಿದೆ. ದಬದಬ, ಚಟಪಟ, ಗುಳುಗುಳು, ಜಿಟಿಜಿಟಿ, ಧೋ, ಬುಸ್, ಢಮಾರ್, ರೊಯ್ಯನೆ, ಸರ್ರನೆ. ಇವು ಸದ್ದು. ಇನ್ನು ಸದ್ದೇ ಇಲ್ಲದವು ನೋಡಿ: ಮಿಣಮಿಣ, ಥಳಥಳ, ಗಕ್ಕನೆ, ದಿಗ್ಗನೆ, ಫಕ್ಕನೆ. ದೀಪ ಮಿಣಮಿಣ ಅನ್ನುತ್ತದೆ ಅನ್ನುತ್ತೇವೆ, ಅದು ಸದ್ದು ಮಾಡುತ್ತಾ? ಕಣ್ಣಿಗೆ ಕಾಣುವುದಕ್ಕೂ ಮೈಗೆ ಆಗುವುದಕ್ಕೂ ಕನ್ನಡದಲ್ಲಿ ಸದ್ದಿನ ಪದ ಇದೆ. ‘ಗವ್ವೆನ್ನುವ ಕತ್ತಲೆ’ ಅನ್ನುತ್ತೇವೆ. ಕತ್ತಲೆಗೂ ದನಿ ಕೊಟ್ಟ ಭಾಷೆ ನಮ್ಮದು! ಶಾಲೆಯಲ್ಲಿ ಅನುಕರಣಾವ್ಯಯ ಅಂತ ಎರಡು ಅಂಕಕ್ಕೆ ಬಾಯಿಪಾಠ ಮಾಡಿ ಬಿಟ್ಟೆವು. ಕಾಮಿಕ್ಸ್ ಬರೆಯುವವರಿಗೆ ಅದು ಬಂಗಾರದ ಗಣಿ. ಇಷ್ಟೆಲ್ಲ ಇಟ್ಟುಕೊಂಡು ಕೊಡ ಬಿದ್ದಾಗ ಇಂಗ್ಲಿಷ್ ಯಾಕೆ?

ಬಣ್ಣದಂಗಡಿ · ಮಂಗಳವಾರ ರಾತ್ರಿ

ಟೋಕಿಯೊದವರ ಮಾತಿಗೆ ಒಂದು ಸೇರಿಸುತ್ತೇನೆ. ಈ ಸದ್ದಿನ ಅಕ್ಷರ ಪುಸ್ತಕದಿಂದ ಆಚೆ ಎಷ್ಟು ದೂರ ಹೋಗಿದೆ ನೋಡಿ. 1963ರಲ್ಲಿ ಅಮೆರಿಕದ ರಾಯ್ ಲಿಕ್ಟೆನ್‌ಸ್ಟೈನ್ ‘ವ್ಹಾಮ್!’ ಅನ್ನುವ ಚಿತ್ರ ಬರೆದ. ಎರಡು ಕ್ಯಾನ್ವಾಸ್ ಸೇರಿ ಸುಮಾರು 4 ಮೀಟರ್ ಅಗಲ. ಒಂದು ಕಡೆ ವಿಮಾನ, ಇನ್ನೊಂದು ಕಡೆ ಬೆಂಕಿ, ಅದರ ಮೇಲೆ ಹಳದಿ ಅಕ್ಷರದಲ್ಲಿ ಆ ಸದ್ದು. ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಅಗ್ಗದ ಮುದ್ರಣದ ಚುಕ್ಕಿಗಳನ್ನೂ ಕೈಯಲ್ಲೇ ದೊಡ್ಡದಾಗಿ ಬರೆದಿದ್ದ. 1966ರ ಬ್ಯಾಟ್‌ಮನ್ ಟೀವಿ ಸರಣಿಯಲ್ಲಿ ಪ್ರತಿ ಗುದ್ದಿಗೂ ಪರದೆ ತುಂಬ ಅಕ್ಷರ ಬರುತ್ತಿತ್ತು.

ನನಗೆ ಬೇಸರ ಆಗುವುದು ಒಂದೇ. ‘ವ್ಹಾಮ್!’ಗೆ ಮೂಲ 1962ರ ಒಂದು ಯುದ್ಧದ ಕಾಮಿಕ್ಸಿನ ಚೌಕಟ್ಟು. ಅದನ್ನು ಬರೆದವರು ಇರ್ವ್ ನೋವಿಕ್. ಲಿಕ್ಟೆನ್‌ಸ್ಟೈನ್ ಹೆಸರು ಜಗತ್ತಿಗೆಲ್ಲ ಗೊತ್ತು, ನೋವಿಕ್ ಹೆಸರು ಕಾಮಿಕ್ಸ್ ಓದುವವರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನಮ್ಮ ಹಳೆಯ ಕನ್ನಡ ಕಾಮಿಕ್ಸಿನಲ್ಲಿ ಬಲೂನಿನೊಳಗೆ ಅಕ್ಷರ ಬರೆದ ಕೈಗಳ ಹೆಸರು ಎಷ್ಟು ಜನಕ್ಕೆ ಗೊತ್ತು? ಚುಕ್ಕಿಗೆರೆಯವರೇ, ನಿಮ್ಮ ಪುಸ್ತಕದಲ್ಲಿ ಅಕ್ಷರ ಯಾರದು ಅಂತ ಮೊದಲ ಪುಟದಲ್ಲೇ ಹಾಕಿ.

ಫಾಂಟುಗಾರ · ಬುಧವಾರ ಬೆಳಿಗ್ಗೆ

ಎಲ್ಲವನ್ನೂ ಕೈಯಲ್ಲೇ ಬರೆಯಬೇಕು ಅಂತೇನಿಲ್ಲ. ಇಂಗ್ಲಿಷಿನಲ್ಲಿ 1994ರಲ್ಲಿ ವಿನ್ಸೆಂಟ್ ಕೊನೇರ್ ಅವರು ಕಾಮಿಕ್ಸ್ ಪುಸ್ತಕಗಳ ಕೈಬರಹ ನೋಡಿಕೊಂಡೇ ಕಾಮಿಕ್ ಸ್ಯಾನ್ಸ್ ಫಾಂಟ್ ಮಾಡಿದರು. ಕಂಪ್ಯೂಟರಿನಲ್ಲಿ ಒಂದು ಕಾರ್ಟೂನು ನಾಯಿ ಬಲೂನಿನಲ್ಲಿ ಪತ್ರಿಕೆಯ ಅಕ್ಷರದಲ್ಲಿ ಮಾತಾಡುವುದು ಅವರಿಗೆ ಸರಿ ಕಾಣಲಿಲ್ಲವಂತೆ. ಕನ್ನಡದಲ್ಲಿ ಏಕ್ ಟೈಪ್ ಅನ್ನುವ ಫಾಂಟ್ ಮಾಡುವವರ ‘ಬಾಲೂ ತಮ್ಮ’ ಇದೆ. ದುಂಡಗೆ, ದಪ್ಪಗೆ, ಮಕ್ಕಳ ಪುಸ್ತಕಕ್ಕೆ ಚೆನ್ನಾಗಿ ಹೊಂದುತ್ತದೆ. ‘ಅಕಾಯ’ ಅನ್ನುವ ಇನ್ನೊಂದು ಫಾಂಟಿನಲ್ಲಿ ಕುಂಚದ ಓಟ ಇದೆ, ತಲೆಬರಹಕ್ಕೆ ಬಳಸಿ ನೋಡಿ. ಎರಡೂ ಉಚಿತ.

ಇನ್ನೊಂದು ಎಚ್ಚರಿಕೆ. ಎಷ್ಟೋ ಡ್ರಾಯಿಂಗ್ ಆಪ್‌ಗಳಲ್ಲಿ ಕನ್ನಡ ಒಡೆದುಹೋಗುತ್ತದೆ. ‘ಅಮ್ಮ’ ಹಾಕಿದರೆ ‘ಅಮ್‌ಮ’ ಅಂತ ಬರುತ್ತದೆ. ಒಮ್ಮೆ ನಾನು ಮಾಡಿದ ಪೋಸ್ಟರ್ ಹಾಗೇ ಪ್ರಿಂಟಾಗಿ ಬಂದು, ನೋಡಿ ಅಳು ಬಂದಿತ್ತು. ಪ್ರಿಂಟಿಗೆ ಕೊಡುವ ಮೊದಲು ಒಂದೊಂದು ಒತ್ತನ್ನೂ ಬೆರಳಿಟ್ಟು ನೋಡಿ. ಇಂಕ್‌ಸ್ಕೇಪ್ ಅನ್ನುವ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ, ಅಲ್ಲಿ ಜೋಡಿಸಿ ತಂದರೆ ವಾಸಿ.

ಕುಂಚ · ಬುಧವಾರ ಬೆಳಿಗ್ಗೆ

ಮಾತಿಗೆ ಫಾಂಟ್ ಆಗಬಹುದು. ಕೂಗಿಗೆ, ಸದ್ದಿಗೆ ಆಗುವುದಿಲ್ಲ. ‘ಅಯ್ಯೋ’ ಮೂರು ಸಲ ಬರೆದರೆ ಕೈಯಲ್ಲಿ ಮೂರು ತರ ಬರುತ್ತದೆ. ಫಾಂಟಿನಲ್ಲಿ ಮೂರೂ ಒಂದೇ.

ತರೀಕೆರೆಯವ · ಬುಧವಾರ ರಾತ್ರಿ

ಈ ಚರ್ಚೆ ಓದಿ ನಮ್ಮೂರ ಹತ್ತಿರದ ಅಮೃತಾಪುರ ನೆನಪಾಯಿತು. 1196ರಲ್ಲಿ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಕಟ್ಟಿದ ಅಮೃತೇಶ್ವರ ದೇವಸ್ಥಾನ. ಅದರ ಜಗುಲಿಯ ಹೊರಗೋಡೆಯಲ್ಲಿ 140 ಶಿಲ್ಪದ ಚೌಕಟ್ಟುಗಳಿವೆ. ಬೇರೆ ಹೊಯ್ಸಳ ಗುಡಿಗಳ ಹಾಗೆ ಸಣ್ಣ ಪಟ್ಟಿಯಲ್ಲ, ದೊಡ್ಡ ದೊಡ್ಡ ಚೌಕಗಳು. ದಕ್ಷಿಣದ ಕಡೆ 70 ಚೌಕದಲ್ಲಿ ರಾಮಾಯಣ. ಉತ್ತರದ ಕಡೆ 25ರಲ್ಲಿ ಕೃಷ್ಣನ ಕತೆ, 45ರಲ್ಲಿ ಮಹಾಭಾರತ.

ಅಲ್ಲಿ ರಾಮಾಯಣ ಅಪ್ರದಕ್ಷಿಣೆಯಾಗಿ ಸಾಗುತ್ತದೆ, ಉತ್ತರದ ಕತೆಗಳು ಪ್ರದಕ್ಷಿಣೆಯಾಗಿ. ಅಂದರೆ ಓದುವವರು ಗೋಡೆಯ ಜೊತೆ ನಡೆಯಬೇಕು. ಒಂದು ಕಡೆ ಹೀಗೆ ಹೋಗಬೇಕು, ಇನ್ನೊಂದು ಕಡೆ ಹಾಗೆ. ನಾನು ಮಗಳನ್ನು ಕರೆದುಕೊಂಡು ಹೋಗಿದ್ದಾಗ ಅವಳು ಒಂದೊಂದು ಚೌಕದ ಮುಂದೆ ನಿಂತು ‘ಆಮೇಲೆ?’ ಅಂತ ಕೇಳುತ್ತಾ ಮುಂದಿನ ಚೌಕಕ್ಕೆ ಓಡುತ್ತಿದ್ದಳು. ಅಕ್ಷರವೇ ಇಲ್ಲದೆ ಕತೆ ಸಾಗುತ್ತದೆ. ಚುಕ್ಕಿಗೆರೆಯವರೇ, ನಿಮ್ಮ 16 ಪುಟದಲ್ಲಿ ಎರಡು ಪುಟವನ್ನಾದರೂ ಮಾತಿಲ್ಲದೆ ಬಿಡಿ.

ಕನ್ನಡಮೇಷ್ಟ್ರು · ಬುಧವಾರ ರಾತ್ರಿ

ಒಳ್ಳೆಯ ಮಾತು. ಒಂದು ಸಣ್ಣ ಕೋರಿಕೆ, ಚುಕ್ಕಿಗೆರೆ. ಅಜ್ಜಿ ಈ ಕತೆ ಹೇಳಿದ್ದನ್ನು ರೆಕಾರ್ಡ್ ಮಾಡಿದ್ದೀರಾ? ಇದ್ದರೆ ಇಂಗ್ಲಿಷ್ ಸ್ಕ್ರಿಪ್ಟ್ ಪಕ್ಕಕ್ಕಿಟ್ಟು ಅದನ್ನೇ ಮತ್ತೆ ಕೇಳಿ. ಅವರು ಬಳಸಿದ ಪದಗಳನ್ನು ಹಾಗೇ ಬರೆದುಕೊಳ್ಳಿ.

ಚುಕ್ಕಿಗೆರೆ · ಶನಿವಾರ ರಾತ್ರಿ

ಮೂರು ದಿನ ಇಲ್ಲಿ ಬರಲಾಗಲಿಲ್ಲ, ಕ್ಷಮಿಸಿ. ಮೇಷ್ಟ್ರು ಹೇಳಿದ ಹಾಗೆ ರೆಕಾರ್ಡಿಂಗ್ ಕೇಳಿದೆ. ನಾಲ್ಕು ಸಲ ಕೇಳಿದೆ. ಅಜ್ಜಿ ಹೋಗಿ ಎರಡು ವರ್ಷವಾಯಿತು. ಇಷ್ಟು ದಿನ ಕತೆ ನನಗೆ ಗೊತ್ತೇ ಇದೆ ಅಂದುಕೊಂಡು ಅದನ್ನು ತೆಗೆದೇ ಇರಲಿಲ್ಲ.

ಏಳನೇ ಪುಟದಲ್ಲಿ ಸಂತೆ ಮುಗಿದ ಮೈದಾನ. ದೊಡ್ಡ ಚಿತ್ರ, ಒಂದೇ ಚೌಕಟ್ಟು. ಅಲ್ಲಿ ನಾನು ಮೇಲ್ಗಡೆ ಒಂದು ಪೆಟ್ಟಿಗೆ ಇಟ್ಟು ‘ಸಂತೆ ಮುಗಿದು ಎಲ್ಲರೂ ಮನೆಗೆ ಹೊರಟುಹೋಗಿದ್ದರು. ಇಡೀ ಮೈದಾನ ನಿರ್ಜನವಾಗಿತ್ತು’ ಅಂತ ಬರೆದಿದ್ದೆ. ರೆಕಾರ್ಡಿಂಗಿನಲ್ಲಿ ಅಜ್ಜಿ ಹೇಳಿದ್ದು ಇಷ್ಟು: ‘ತಿರುಗಿ ನೋಡ್ತೀನಿ, ಬಿಕೋ...’ ಅಂದು ಸುಮ್ಮನಾಗುತ್ತಾರೆ. ಹಿಂದೆ ಗಡಿಯಾರದ ಸದ್ದು ಕೇಳುತ್ತದೆ. ಆಮೇಲೆ ಮಳೆಯ ಮಾತು ಎತ್ತುತ್ತಾರೆ.

ಟೋಕಿಯೊದವರೇ, ನಿಮ್ಮ ‘ಶೀ...ನ್’ ನಮ್ಮ ಅಜ್ಜಿಯ ಬಾಯಲ್ಲೇ ಇತ್ತು.

ಆ ಪೆಟ್ಟಿಗೆ ತೆಗೆದುಹಾಕಿದೆ. ಮೈದಾನದ ಮಣ್ಣಿನ ಮೇಲೆಯೇ ‘ಬಿಕೋ’ ಅಂತ ಬರೆದಿದ್ದೇನೆ. ಮಣ್ಣಿನ ಬಣ್ಣಕ್ಕಿಂತ ಸ್ವಲ್ಪವೇ ತಿಳಿ, ದೂರದಿಂದ ನೋಡಿದರೆ ಗಾಡಿಯ ಜಾಡಿನ ಹಾಗೆ ಕಾಣುತ್ತದೆ. ಹುಡುಗಿ ‘ಬಿ’ಯ ಹತ್ತಿರ ನಿಂತಿದ್ದಾಳೆ, ಇಷ್ಟೇ ಇಷ್ಟು. ಎಂಟನೇ ಪುಟದಲ್ಲಿ ಮಾತಿಲ್ಲ, ಬರೀ ‘ಧೋ’. ಒಟ್ಟು 43 ಬಲೂನು ಇದ್ದದ್ದು ಈಗ 26. ಉಳಿದವನ್ನೆಲ್ಲ ಅವರೆಕಾಳಿನ ಆಕಾರಕ್ಕೆ ತಿದ್ದಿ ಬರೆದೆ. ಮಾತಿಗೆ ಫಾಂಟ್, ಸದ್ದೆಲ್ಲ ಕೈಬರಹ. ಏಳನೇ ಪುಟದ ಫೋಟೊ ಹಾಕಿದ್ದೇನೆ, ತಪ್ಪಿದ್ದರೆ ಹೇಳಿ.

ಕರಾವಳಿಹುಡುಗಿ · ಶನಿವಾರ ರಾತ್ರಿ

ನೋಡಿದೆ. ಏನು ಬರೆಯಬೇಕೋ ತಿಳಿಯುತ್ತಿಲ್ಲ. ಪುಸ್ತಕ ಬಂದ ದಿನ ತಿಳಿಸಿ, ನಮ್ಮ ಶಾಲೆಗೆ ಹತ್ತು ಪ್ರತಿ ಬೇಕು.

ಕುಂಚ · ಭಾನುವಾರ ಬೆಳಿಗ್ಗೆ

ಚೆನ್ನಾಗಿ ಬಂದಿದೆ ತಂಗಿ. ಒಂದೇ ಒಂದು ತಿದ್ದುಪಡಿ. ‘ಕೋ’ದ ದೀರ್ಘವನ್ನು ಚೌಕಟ್ಟಿನ ಒಳಗೇ ನಿಲ್ಲಿಸಿಬಿಟ್ಟಿದ್ದೀರಿ. ಅದನ್ನು ಎಳೆಯಿರಿ. ಮೈದಾನ ದಾಟಿ, ರಸ್ತೆಯ ಜೊತೆ ಹೋಗಿ, ಪುಟದ ಅಂಚಿನವರೆಗೆ ಹೋಗಲಿ. ಎಳೆಯುತ್ತಾ ಹೋದ ಹಾಗೆ ಕುಂಚದಲ್ಲಿ ಬಣ್ಣ ಮುಗಿಯುತ್ತಾ ಬರಬೇಕು. ಮತ್ತೆ ಅದ್ದಬೇಡಿ.